ಘಟ್ಟದ ಕಾಡಿನಲ್ಲಿ ಬರ್ಮಾ ಯುದ್ಧದ ಪಾಠ

ಎರಡನೇ ಮಹಾಯುದ್ಧದಲ್ಲಿ ಬರ್ಮಾವನ್ನು ಜಪಾನೀಯರಿಂದ ಮರಳಿ ಗೆದ್ದ ಸೈನ್ಯ, ಆ ಯುದ್ಧಕ್ಕೆ ಬೇಕಾದ ವಿದ್ಯೆಯ ಒಂದು ಪಾಲನ್ನು ಕಲಿತದ್ದು ಶಿವಮೊಗ್ಗದಲ್ಲಿ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಜನರಿಗೆ ಮೂಡು ದಿಕ್ಕಿನಲ್ಲಿ ದಿನಾ ಕಾಣುವ ಘಟ್ಟಸಾಲಿನ ಆಚೆ ಮಗ್ಗುಲಲ್ಲಿ, ಯುದ್ಧದ ಕೊನೆಯ ವರ್ಷಗಳಲ್ಲಿ ‘ಜಂಗಲ್ ವಾರ್‌ಫೇರ್ ಸ್ಕೂಲ್’ ಎಂಬ ಕಾಡುಕಾಳಗದ ಶಾಲೆ ನಡೆಯಿತು. ಅಲ್ಲಿಗೆ ಬರುತ್ತಿದ್ದವರು ಸಾಮಾನ್ಯ ಸಿಪಾಯಿಗಳಿಗಿಂತ ಹೆಚ್ಚಾಗಿ ಅಧಿಕಾರಿಗಳು ಮತ್ತು ಹವಾಲ್ದಾರರು. ಇಲ್ಲಿ ಕಲಿತು ತಮ್ಮ ತಮ್ಮ ಪಲ್ಟನ್ನಿಗೆ ಹಿಂದಿರುಗಿ ಉಳಿದವರಿಗೆ ಕಲಿಸುವುದು ಅವರ ಕೆಲಸ.

ನಮ್ಮ ಕಡೆ ಮಹಾಯುದ್ಧದ ನೆನಪು ಎಂದರೆ ರೇಷನ್ನು, ಸೀಮೆಎಣ್ಣೆಯ ಅಭಾವ, ಕಾಳಸಂತೆ. ಯುದ್ಧ ಬೇರೆಲ್ಲೋ ನಡೆಯಿತು, ಅದರ ಬಿಸಿ ಮಾತ್ರ ನಮಗೆ ತಟ್ಟಿತು ಎಂದೇ ನಾವು ತಿಳಿದಿದ್ದೇವೆ. ಆದರೆ ಅದೇ ಯುದ್ಧದ ಒಂದು ಮುಖ್ಯ ತಿರುವಿಗೆ ಮಲೆನಾಡಿನ ಬಿದಿರು ಮೆಳೆ, ಮಳೆ, ಉಂಬಳ, ಚಳಿಜ್ವರಗಳೆಲ್ಲ ಪಠ್ಯವಾದವು. ಕಾಡೆಂದರೆ ಬೆದರುತ್ತಿದ್ದ ಸೈನ್ಯವೊಂದು ಆ ಹೆದರಿಕೆ ಬಿಡುವುದನ್ನು ಹೇಗೆ ಕಲಿಯಿತು ಎಂಬುದೇ ಈ ಶಿಬಿರದ ಚರಿತ್ರೆ.

ರಸ್ತೆ ಬಿಟ್ಟರೆ ಗತಿಯಿಲ್ಲ

1942ರ ಫೆಬ್ರುವರಿ 15ರಂದು ಸಿಂಗಾಪುರ ಶರಣಾಯಿತು. ಅಲ್ಲಿ ಸೆರೆಸಿಕ್ಕವರಲ್ಲಿ ಮೈಸೂರು ಸಂಸ್ಥಾನದ ಇನ್‌ಫೆಂಟ್ರಿಯವರೂ ಇದ್ದರು. ಮಾರ್ಚ್ 8ಕ್ಕೆ ರಂಗೂನ್ ಬಿತ್ತು. ಆಮೇಲೆ ಬರ್ಮಾದ ಉದ್ದಕ್ಕೂ ಸುಮಾರು 900 ಮೈಲಿ ಹಿಮ್ಮೆಟ್ಟುತ್ತ ಬಂದ ಬ್ರಿಟಿಷ್ ಮತ್ತು ಭಾರತೀಯ ಪಡೆಗಳು ಮೇ ತಿಂಗಳಲ್ಲಿ, ಮಳೆಗಾಲದ ಬಾಗಿಲಲ್ಲಿ, ಮಣಿಪುರದ ಗಡಿ ದಾಟಿದವು. ಬ್ರಿಟಿಷ್ ಸೈನ್ಯದ ಚರಿತ್ರೆಯಲ್ಲೇ ಅಷ್ಟು ಉದ್ದದ ಹಿನ್ನಡೆ ಮತ್ತೊಂದಿಲ್ಲ.

ಈ ಸೋಲಿಗೆ ಆಯುಧದ ಕೊರತೆಯಷ್ಟೇ ಕಾರಣವಲ್ಲ. ಭಾರತೀಯ ಸೈನ್ಯ ಅಲ್ಲಿಯವರೆಗೆ ತಯಾರಾಗಿದ್ದದ್ದು ವಾಯವ್ಯ ಗಡಿಯ ಬೋಳುಗುಡ್ಡಗಳಿಗೆ ಮತ್ತು ಉತ್ತರ ಆಫ್ರಿಕದ ಮರಳುಗಾಡಿಗೆ. ಅದು ಲಾರಿ ನಂಬಿದ ಸೈನ್ಯ. ಲಾರಿಗೆ ರಸ್ತೆ ಬೇಕು, ರಸ್ತೆ ಬಿಟ್ಟು ಸರಿದರೆ ಅನ್ನವಿಲ್ಲ, ಮದ್ದುಗುಂಡಿಲ್ಲ. ಜಪಾನೀಯರು ಮಾಡಿದ್ದು ಸರಳ. ಎದುರಿನಿಂದ ಸ್ವಲ್ಪ ಸದ್ದು ಮಾಡುವುದು, ಅಷ್ಟರಲ್ಲಿ ಇನ್ನೊಂದು ತಂಡ ಕಾಡಿನೊಳಗಿಂದ ಬಳಸಿ ಹೋಗಿ ಬೆನ್ನ ಹಿಂದಿನ ರಸ್ತೆಗೆ ಮರ ಕೆಡವಿ ಅಡ್ಡ ಕೂರುವುದು. ಹಿಂದಿನ ದಾರಿ ಕಟ್ಟಿತು ಎಂದು ಗೊತ್ತಾದ ಕೂಡಲೇ ಮುಂದಿನ ಸಾಲು ತಾನಾಗಿ ಕುಸಿಯುತ್ತಿತ್ತು.

ಈ ಸಂಕಟವನ್ನು ಅರ್ಥ ಮಾಡಿಕೊಳ್ಳಲು ಬೆಳ್ತಂಗಡಿಯವರು ಬರ್ಮಾದ ನಕಾಶೆ ಬಿಡಿಸಬೇಕಿಲ್ಲ. ಗಡಾಯಿಕಲ್ಲಿಗೆ ಹೋದರೆ ಸಾಕು. ಟಿಪ್ಪು ಸುಲ್ತಾನ್ 1794ರಲ್ಲಿ ಕಟ್ಟಿಸಿ ತಾಯಿಯ ಹೆಸರಿನಲ್ಲಿ ಜಮಾಲಾಬಾದ್ ಎಂದು ಕರೆದ ಕೋಟೆ ಅದು. ಬಂಡೆಯ ಮೈಗೆ ಕೊರೆದ ಕಡಿದಾದ ಮೆಟ್ಟಿಲು ಸಾಲೊಂದನ್ನು ಬಿಟ್ಟರೆ ಮೇಲೆ ಹತ್ತಲು ಬೇರೆ ದಾರಿಯೇ ಇಲ್ಲ. ಶತ್ರು ಹತ್ತಲಾರ, ಕೋಟೆ ಭದ್ರ ಎಂದು ನೋಡಿದ ಯಾರಿಗೂ ಅನಿಸುತ್ತದೆ. ಆದರೆ 1801ರಲ್ಲಿ ಇಲ್ಲಿಗೆ ಬಂದ ಫ್ರಾನ್ಸಿಸ್ ಬುಕಾನನ್ ಇನ್ನೊಂದು ಮಗ್ಗುಲನ್ನೂ ಗಮನಿಸಿ ಬರೆದಿದ್ದಾನೆ. ಹತ್ತುವವನಿಗೆ ಎಷ್ಟು ಕಷ್ಟವೋ, ಎದುರಾಳಿ ಕೆಳಗೆ ಕಾದಿದ್ದರೆ ಇಳಿಯುವವನಿಗೂ ಅಷ್ಟೇ ಕಷ್ಟ. ಹಾಗಾಗಿ ಕೆಲವೇ ಜನ ಬುಡದಲ್ಲಿ ಕೂತು ದೊಡ್ಡ ಪಡೆಯೊಂದನ್ನು ಮೇಲೆಯೇ ಕೂಡಿಹಾಕಬಹುದು. ಆದದ್ದೂ ಹಾಗೆಯೇ. 1799ರಲ್ಲಿ ಕಂಪೆನಿ ಸರ್ಕಾರದ ವಶವಾದ ಕೋಟೆಯನ್ನು ಬಂಡುಕೋರರು ಕಿತ್ತುಕೊಂಡರು, 1800ರಲ್ಲಿ ಮುತ್ತಿಗೆಯ ಬಳಿಕ ಅದು ಮತ್ತೆ ಕಂಪೆನಿಯ ಕೈಸೇರಿತು. ಒಂದೇ ದಾರಿಯನ್ನು ನಂಬಿದವನ ಗತಿ ಇದು. ಬರ್ಮಾದಲ್ಲಿ ಬ್ರಿಟಿಷರು ನಂಬಿದ ಡಾಂಬರು ರಸ್ತೆಯೂ ಗಡಾಯಿಕಲ್ಲಿನ ಮೆಟ್ಟಿಲ ಸಾಲಿನಂತೆಯೇ ಇತ್ತು.

ನಮ್ಮ ಕಾಡೇ ಏಕೆ?

1942ರ ಏಪ್ರಿಲ್ 5ರಂದು ಜಪಾನಿ ವಿಮಾನಗಳು ಕೊಲಂಬೊ ಮೇಲೆ ಬಾಂಬ್ ಹಾಕಿದವು. ಮರುದಿನ ವಿಶಾಖಪಟ್ಟಣ, ಕಾಕಿನಾಡ. ಮದ್ರಾಸ್ ನಗರದಿಂದ ಜನ ಗಂಟುಮೂಟೆ ಕಟ್ಟಿ ಹೊರಟರು. ದಕ್ಷಿಣ ಕನ್ನಡ ಆಗ ಅದೇ ಮದ್ರಾಸ್ ಪ್ರಾಂತ್ಯದ ಜಿಲ್ಲೆ. ಶತ್ರು ದಕ್ಷಿಣ ಭಾರತದ ಕರಾವಳಿಯಲ್ಲಿ ಇಳಿದರೆ ಏನು ಗತಿ ಎಂಬ ಪ್ರಶ್ನೆ ದಿಲ್ಲಿಯ ಸೇನಾ ಕಚೇರಿಯನ್ನು ಕಾಡತೊಡಗಿತು. ಹೊಸ ಪಡೆಗಳನ್ನು ದಕ್ಷಿಣದಲ್ಲೇ ಕಟ್ಟಬೇಕಾಯಿತು. 1942ರ ಏಪ್ರಿಲ್‌ನಲ್ಲಿ ಮೇಜರ್ ಜನರಲ್ ಡಗ್ಲಾಸ್ ಗ್ರೇಸಿಯ ಕೈಕೆಳಗೆ 20ನೇ ಭಾರತೀಯ ಡಿವಿಜನ್, ಆಗಸ್ಟ್‌ನಲ್ಲಿ ಮೇಜರ್ ಜನರಲ್ ಹೆನ್ರಿ ಡೇವಿಸ್ ನೇತೃತ್ವದಲ್ಲಿ 25ನೇ ಡಿವಿಜನ್, ಎರಡೂ ಬೆಂಗಳೂರಿನಲ್ಲೇ ರೂಪುಗೊಂಡವು. ಮೊದಲಿನದು ಸಿಂಹಳಕ್ಕೆ ಹೋಯಿತು. ಎರಡನೆಯದು ದಕ್ಷಿಣ ಭಾರತದಲ್ಲೇ ಉಳಿದು ಕಾಡಿನ ಯುದ್ಧಕ್ಕೆ ಪಳಗಿತು.

ಅಷ್ಟರಲ್ಲಿ ಇನ್ನೊಂದು ಪೆಟ್ಟು. 1942ರ ಡಿಸೆಂಬರ್‌ನಲ್ಲಿ ಬರ್ಮಾದ ಅರಕಾನ್ ಕರಾವಳಿಯಲ್ಲಿ ಆರಂಭಿಸಿದ ದಾಳಿ ಮುಂದಿನ ಮೇ ಹೊತ್ತಿಗೆ ಪೂರ್ತಿ ವಿಫಲವಾಯಿತು. ಹೊಸ ಸಿಪಾಯಿಗಳು ಸರಿಯಾದ ತಾಲೀಮಿಲ್ಲದೆ ರಣರಂಗಕ್ಕೆ ಹೋಗಿದ್ದರು. 1943ರ ಜೂನ್‌ನಲ್ಲಿ ಸೇರಿದ ಇನ್‌ಫೆಂಟ್ರಿ ಸಮಿತಿ ಮುಲಾಜಿಲ್ಲದೆ ಹೇಳಿದ್ದೂ ಇದನ್ನೇ: ಪದಾತಿ ದಳವನ್ನು ಕಡೆಗಣಿಸಲಾಗಿದೆ, ಚುರುಕು ಹುಡುಗರೆಲ್ಲ ಬೇರೆ ವಿಭಾಗಗಳ ಪಾಲಾಗುತ್ತಿದ್ದಾರೆ, ಕಾಡಿನ ತರಬೇತಿ ಎಂಬುದೇ ಇಲ್ಲ. ಸಮಿತಿಯ ಸಲಹೆಯಂತೆ ಎರಡು ಡಿವಿಜನ್‌ಗಳು ಪೂರ್ತಿಯಾಗಿ ತರಬೇತಿಗೇ ಮೀಸಲಾದವು. ಮಧ್ಯಪ್ರಾಂತ್ಯದ ಛಿಂದ್ವಾಡದಲ್ಲಿ 14ನೆಯದು, ಉತ್ತರದ ಸಹಾರನ್‌ಪುರದಲ್ಲಿ 39ನೆಯದು. ಪ್ರಾಥಮಿಕ ತಾಲೀಮು ಮುಗಿಸಿದ ಪ್ರತಿ ಸಿಪಾಯಿಯೂ ಅಲ್ಲಿ ಎರಡು ತಿಂಗಳು ಕಾಡಿನ ಪಾಠ ಕಲಿಯಬೇಕು. ಛಿಂದ್ವಾಡದಲ್ಲಿ ಕಾಡಿನ ಜಾಡು ಹೇಳಿಕೊಟ್ಟವರಲ್ಲಿ ಜಿಮ್ ಕಾರ್ಬೆಟ್ ಕೂಡ ಒಬ್ಬರು. ಆಗಲೇ ಅರವತ್ತೆಂಟು ದಾಟಿದ್ದ ಅವರಿಗೆ ಲೆಫ್ಟಿನೆಂಟ್ ಕರ್ನಲ್ ಹುದ್ದೆ ಕೊಟ್ಟು ಕರೆಸಿಕೊಂಡಿದ್ದರು.

ಸಿಪಾಯಿಗೆ ಕಲಿಸುವವನಿಗೆ ಕಲಿಸುವವರು ಬೇಕಲ್ಲ? ಶಿವಮೊಗ್ಗದ ಶಾಲೆ ಹುಟ್ಟಿದ್ದು ಆ ಅಗತ್ಯಕ್ಕೆ. ಜಾಗದ ಆಯ್ಕೆಗೆ ಕಾರಣ ಹುಡುಕುವುದು ಕಷ್ಟವಲ್ಲ. ಮಲೆನಾಡಿನ ಮಳೆಕಾಡು, ಬಿದಿರಿನ ಹಿಂಡಲು, ತುಂಬಿ ಹರಿಯುವ ಹಳ್ಳ, ಹತ್ತು ಮಾರು ಆಚೆ ಏನಿದೆ ಎಂದು ಕಾಣದ ಪೊದೆ, ಇವೆಲ್ಲ ಬರ್ಮಾಕ್ಕೆ ಬಲು ಹತ್ತಿರ. ಬಿರೂರಿನಿಂದ ಶಿವಮೊಗ್ಗಕ್ಕೆ ಮೀಟರ್‌ಗೇಜ್ ರೈಲು ಹತ್ತೊಂಬತ್ತನೇ ಶತಮಾನದ ಕೊನೆಗೇ ಬಂದಿತ್ತು. ಪಕ್ಕದ ಭದ್ರಾವತಿಯಲ್ಲಿ ಕಬ್ಬಿಣದ ಕಾರ್ಖಾನೆಯಿತ್ತು. ನಮ್ಮ ಕಡೆಯಿಂದ ನೋಡಿದರೆ ಇದೇ ಕಾಡು ಘಟ್ಟದ ಪಡುವಣ ಮಗ್ಗುಲಲ್ಲೂ ಉಂಟು. ಆದರೆ ಮಂಗಳೂರಿನಿಂದ ಹಾಸನಕ್ಕೆ ರೈಲು ಮಾರ್ಗ ಪೂರ್ಣಗೊಂಡದ್ದು 1979ರಲ್ಲಿ. ಚಾರ್ಮಾಡಿ, ಆಗುಂಬೆಯ ತಿರುವುಗಳಲ್ಲಿ ಸೈನ್ಯದ ಸಾಮಾನು ಸಾಗಿಸುವುದಕ್ಕಿಂತ ರೈಲುದಾರಿ ಇರುವ ಕಡೆಯೇ ಶಿಬಿರ ಹೂಡುವುದು ಲೇಸು.

ಕಲಿಸಿದ್ದೇನು?

ಕಾಡುಕಾಳಗದ ಪಾಠವೆಲ್ಲ 1943ರಲ್ಲಿ ಪರಿಷ್ಕರಿಸಿ ಅಚ್ಚು ಹಾಕಿದ ಒಂದು ಸೇನಾ ಕೈಪಿಡಿಯಲ್ಲಿತ್ತು. ಅಧಿಕಾರಿಗಳು ಅದನ್ನು ‘ಜಂಗಲ್ ಬುಕ್’ ಎಂದು ಕರೆಯುತ್ತಿದ್ದರು. ಮಲಯ, ಬರ್ಮಾಗಳ ಸೋಲು ಮತ್ತು ನ್ಯೂಗಿನಿಯಲ್ಲಿ ಆಸ್ಟ್ರೇಲಿಯನ್ನರು ಪಡೆದ ಅನುಭವ ಅದರ ತಿರುಳು.

ಮೊದಲ ಪಾಠ ಸದ್ದಿನದು. ಕಾಡಿನಲ್ಲಿ ಕಣ್ಣಿಗಿಂತ ಕಿವಿಗೆ ಕೆಲಸ ಹೆಚ್ಚು. ಊಟದ ತಟ್ಟೆ ಬಂದೂಕಿಗೆ ತಾಗಿ ಟಣ್ ಎಂದರೆ, ಯಾರೋ ಕೆಮ್ಮಿದರೆ, ಬೀಡಿ ಹೊತ್ತಿಸಿದರೆ ಇಡೀ ತಂಡದ ಠಾವು ಬಯಲು. ಹಾಗಾಗಿ ಸಾಮಾನಿಗೆಲ್ಲ ಬಟ್ಟೆ ಸುತ್ತಿ, ಕೈಸನ್ನೆಯಲ್ಲೇ ಮಾತಾಡಿ, ತರಗೆಲೆಯ ಮೇಲೆ ಹೇಗೆ ಕಾಲಿಡಬೇಕು ಎಂಬುದನ್ನು ಬೆಳೆದ ಗಂಡಸರಿಗೆ ಹೊಸದಾಗಿ ಕಲಿಸಬೇಕಾಯಿತು.

ಎರಡನೆಯದು ಗುರಿಯ ಪಾಠ. ಬಯಲಿನ ಗುರಿ ಅಭ್ಯಾಸದಲ್ಲಿ ಸಿಪಾಯಿ ಮಲಗಿ, ಉಸಿರು ಹಿಡಿದು, ನೂರಾರು ಗಜ ದೂರದ ಹಲಗೆಗೆ ಗುಂಡು ಹೊಡೆಯುತ್ತಾನೆ. ಕಾಡಿನಲ್ಲಿ ಶತ್ರು ಕಾಣುವುದು ಹತ್ತಿಪ್ಪತ್ತು ಗಜದಲ್ಲಿ, ಅದೂ ಕ್ಷಣಮಾತ್ರ. ಅದಕ್ಕೆಂದೇ ಕಾಡಿನ ಕಾಲುದಾರಿಯೊಂದನ್ನು ಆರಿಸಿ ಅದರ ಎರಡೂ ಬದಿ ಪೊದೆಗಳಲ್ಲಿ ಹಗ್ಗ ಕಟ್ಟಿದ ಗೊಂಬೆಗಳನ್ನು ಅಡಗಿಸಿಡುತ್ತಿದ್ದರು. ಸಿಪಾಯಿ ತುಂಬಿದ ಬಂದೂಕು ಹಿಡಿದು ಮೆಲ್ಲಗೆ ನಡೆಯುತ್ತಾನೆ. ಬೆನ್ನಿಗೇ ಶಿಕ್ಷಕ. ಎಲ್ಲೋ ಕೂತವನು ಹಗ್ಗ ಎಳೆದ ಕೂಡಲೇ ಎಡಗಡೆ ಬುಡದಿಂದ ಒಂದು ಗೊಂಬೆ ಏಳುತ್ತದೆ, ಮತ್ತೆರಡು ಹೆಜ್ಜೆಗೆ ಮರದ ಮೇಲಿಂದ ಇನ್ನೊಂದು. ಗುರಿ ಹಿಡಿಯಲು ಪುರುಸೊತ್ತಿಲ್ಲ, ಸೊಂಟದ ಮಟ್ಟದಿಂದಲೇ ಹೊಡೆಯಬೇಕು. ದಾರಿ ಮುಗಿದ ಮೇಲೆ ಹಿಂದೆ ಬಂದು ಗೊಂಬೆಗಳ ತೂತು ಎಣಿಸುವುದು.

ಮೂರನೆಯದು ಎಲ್ಲಕ್ಕಿಂತ ಕಷ್ಟದ್ದು, ರಾತ್ರಿಯ ಪಾಠ. ಇಬ್ಬಿಬ್ಬರಿಗೆ ಒಂದೊಂದು ಗುಂಡಿ. ಒಬ್ಬ ಮಲಗಿದರೆ ಒಬ್ಬ ಎಚ್ಚರ. ಜಪಾನೀಯರಿಗೊಂದು ಅಭ್ಯಾಸವಿತ್ತು. ಕತ್ತಲಲ್ಲಿ ಹತ್ತಿರ ಬಂದು ಕೂಗುವುದು, ಪಟಾಕಿ ಸಿಡಿಸುವುದು, ಕೆಲವೊಮ್ಮೆ ಇಂಗ್ಲಿಷ್‌ನಲ್ಲೋ ಹಿಂದೂಸ್ತಾನಿಯಲ್ಲೋ ಹೆಸರು ಹಿಡಿದು ಕರೆಯುವುದು. ಹೆದರಿದವನು ಗುಂಡು ಹಾರಿಸುತ್ತಾನೆ, ಹಾರಿಸಿದ ಬೆಳಕಿನಲ್ಲಿ ಅವನ ಜಾಗ ಗೊತ್ತಾಗುತ್ತದೆ. ಆದ್ದರಿಂದ ಸದ್ದಿಗೆ ಗುಂಡು ಹೊಡೆಯಕೂಡದು, ಎದುರಿಗೆ ಕಂಡ ಮನುಷ್ಯನಿಗೆ ಮಾತ್ರ. ಗೂಬೆ ಯಾವುದು, ಕಾಡುಹಂದಿ ಯಾವುದು, ಒಣಕೊಂಬೆ ಮುರಿದ ಸದ್ದು ಯಾವುದು ಎಂದು ಗೊತ್ತಿಲ್ಲದವನಿಗೆ ಇಡೀ ರಾತ್ರಿ ಸುಮ್ಮನೆ ಕೂರುವುದು ಸಣ್ಣ ಶಿಕ್ಷೆಯಲ್ಲ. ಘಟ್ಟದ ಬುಡದ ಮನೆಗಳಲ್ಲಿ ಹುಟ್ಟಿದ ಮಗು ಏಳೆಂಟು ವರ್ಷಕ್ಕೆ ಕಲಿಯುವ ಸಂಗತಿಯನ್ನು ಸೈನ್ಯ ಲಕ್ಷಗಟ್ಟಲೆ ಜನರಿಗೆ ಕಲಿಸಲು ಹೊರಟಿತ್ತು.

ಇವುಗಳ ಜತೆಗೆ ನೆಲಕ್ಕೆ ಹಾಸುವ ರಬ್ಬರ್ ಹಾಳೆಯಲ್ಲಿ ಬಟ್ಟೆಬರೆ ಗಂಟು ಕಟ್ಟಿ, ಅದನ್ನೇ ತೇಲುದಿಂಡು ಮಾಡಿಕೊಂಡು ಹೊಳೆ ದಾಟುವುದು, ಬಿದಿರಿನ ಅಂಡೆಯಲ್ಲಿ ಅನ್ನ ಬೇಯಿಸುವುದು, ಲಾರಿಯ ಬದಲು ಹೇಸರಗತ್ತೆಯ ಮೇಲೆ ಹೊರೆ ಹೇರುವುದು. ಎಲ್ಲದರ ಹಿಂದಿದ್ದ ಹೊಸ ತತ್ವ ಒಂದೇ: ಶತ್ರು ಬೆನ್ನ ಹಿಂದೆ ಬಂದರೆ ಓಡಬೇಡಿ. ಇದ್ದಲ್ಲೇ ಸುತ್ತ ಬೇಲಿಯಾಗಿ ನಿಲ್ಲಿ, ಅನ್ನ, ಗುಂಡು ವಿಮಾನದಿಂದ ಬೀಳುತ್ತದೆ, ಆಗ ನಡುದಾರಿಯಲ್ಲಿ ಸಿಕ್ಕಿಬಿದ್ದವನು ಶತ್ರುವೇ ಆಗುತ್ತಾನೆ. ಗಡಾಯಿಕಲ್ಲಿನ ಮೇಲಿದ್ದವರಿಗೆ ಆಕಾಶದ ದಾರಿ ಇರಲಿಲ್ಲ. 1944ರ ಫೆಬ್ರುವರಿಯಲ್ಲಿ ಅರಕಾನಿನಲ್ಲಿ ಮುತ್ತಿಗೆಗೆ ಸಿಕ್ಕ ಪಡೆಗೆ ಇತ್ತು. ಅದು ಹಿಮ್ಮೆಟ್ಟಲಿಲ್ಲ, ಮುತ್ತಿಗೆ ಹಾಕಿದವರೇ ಹಸಿದು ಹಿಂದೆ ಸರಿದರು. ಇಂಫಾಲ, ಕೊಹಿಮಾಗಳಲ್ಲಿ ಅದೇ ವರ್ಷ ಇದೇ ಸೂತ್ರ ಇನ್ನೂ ದೊಡ್ಡ ಪ್ರಮಾಣದಲ್ಲಿ ಗೆದ್ದಿತು. ಬೆಂಗಳೂರಿನಲ್ಲಿ ಹುಟ್ಟಿದ 20ನೇ ಡಿವಿಜನ್ ಇಂಫಾಲದ ಆಗ್ನೇಯ ಬಾಗಿಲನ್ನು ಕಾದಿತ್ತು.

ಗುಂಡಿಗಿಂತ ಚಳಿಜ್ವರ ದೊಡ್ಡದು

ಆದರೂ ಕಾಡಿನಲ್ಲಿ ಸೈನ್ಯವನ್ನು ಹೆಚ್ಚು ಮಲಗಿಸಿದ್ದು ಜಪಾನೀಯರಲ್ಲ, ಸೊಳ್ಳೆ. 1943ರ ಅಕ್ಟೋಬರ್‌ನಲ್ಲಿ 14ನೇ ಸೈನ್ಯದ ಹೊಣೆ ಹೊತ್ತ ಜನರಲ್ ವಿಲಿಯಂ ಸ್ಲಿಮ್ ಲೆಕ್ಕ ಹಾಕಿ ನೋಡಿದಾಗ, ಗಾಯಗೊಂಡು ಹಿಂದಕ್ಕೆ ಬರುವ ಒಬ್ಬನಿಗೆ ಕಾಯಿಲೆಯಿಂದ ಬರುವವರು 120 ಜನ. ವರ್ಷಕ್ಕೆ ಸೈನ್ಯದ ನೂರಕ್ಕೆ 84ರಷ್ಟು ಮಂದಿಗೆ ಮಲೇರಿಯಾ. ಅದರ ಮೇಲೆ, ಜಗತ್ತಿನ ಕ್ವಿನೈನಿನ ಬಹುಪಾಲು ಬರುತ್ತಿದ್ದ ಜಾವಾ ದ್ವೀಪವೂ 1942ರಲ್ಲೇ ಜಪಾನಿನ ಕೈಸೇರಿತ್ತು.

ಬದಲಿಗೆ ಬಂದದ್ದು ಮೆಪಾಕ್ರಿನ್ ಎಂಬ ಹಳದಿ ಮಾತ್ರೆ. ಅದನ್ನು ದಿನಾ ನುಂಗಿದರೆ ಚರ್ಮ ಹಳದಿಯಾಗುತ್ತಿತ್ತು. ಗಂಡಸುತನ ಹೋಗುತ್ತದೆ ಎಂಬ ಗಾಳಿಮಾತು ಹಬ್ಬಿ ಸಿಪಾಯಿಗಳು ಮಾತ್ರೆಯನ್ನು ಬಾಯಲ್ಲಿಟ್ಟು ಆಮೇಲೆ ಉಗಿಯುತ್ತಿದ್ದರು. ಸ್ಲಿಮ್ ಯಾವ ಸೂಚನೆಯೂ ಕೊಡದೆ ಇಡೀ ಪಲ್ಟನ್ನಿನ ರಕ್ತಪರೀಕ್ಷೆ ಮಾಡಿಸಿದ. ಮಾತ್ರೆಯ ಅಂಶ ಸಾಕಷ್ಟು ಕಾಣದಿದ್ದರೆ ಕೆಲಸ ಹೋಗುತ್ತಿದ್ದದ್ದು ಸಿಪಾಯಿಯದ್ದಲ್ಲ, ಕಮಾಂಡಿಂಗ್ ಆಫೀಸರನದ್ದು. ಮೂವರನ್ನು ಮನೆಗೆ ಕಳಿಸಿದ ಮೇಲೆ ಉಳಿದವರಿಗೆ ಅರ್ಥವಾಯಿತು. ಸಂಜೆಯಾದರೆ ತೋಳು ಇಳಿಬಿಡುವುದು, ಪರದೆ ಕಟ್ಟುವುದು, ಮಾತ್ರೆ ನುಂಗುವುದು ಎಲ್ಲವೂ ಕವಾಯತಿನ ಭಾಗವಾದವು. ಚಳಿಜ್ವರಕ್ಕೆ ಊರೂರೇ ಹಾಳುಬಿದ್ದ ಮಲೆನಾಡಿನಲ್ಲಿ ಈ ಪಾಠಕ್ಕೆ ಬೇರೆ ಉದಾಹರಣೆ ಬೇಕಿರಲಿಲ್ಲ.

ಬಟ್ಟೆಯೂ ಬದಲಾಯಿತು. ಖಾಕಿ ಬಣ್ಣವನ್ನು ಮೊದಲು ಕಾಸಿ ತೆಗೆದದ್ದು ಮಂಗಳೂರಿನ ಬಾಸೆಲ್ ಮಿಷನ್ ನೇಯ್ಗೆ ಕಾರ್ಖಾನೆಯ ಜಾನ್ ಹಾಲರ್ ಎಂದು ಕರಾವಳಿಯವರು ಅಭಿಮಾನದಿಂದ ಹೇಳುತ್ತಾರೆ. ಪಂಜಾಬಿನ ಗೈಡ್ಸ್ ಪಡೆಯವರದ್ದೇ ಮೊದಲು ಎನ್ನುವವರೂ ಇದ್ದಾರೆ. ಯಾರದ್ದೇ ಆಗಲಿ, ಧೂಳಿನ ನೆಲದಲ್ಲಿ ಕರಗಿಹೋಗುವ ಆ ಬಣ್ಣ ಹಸಿರು ಕಾಡಿನಲ್ಲಿ ಎದ್ದು ಕಾಣುತ್ತಿತ್ತು. ಖಾಕಿಯನ್ನು ಹಸಿರಿನಲ್ಲಿ ಅದ್ದಿ ‘ಜಂಗಲ್ ಗ್ರೀನ್’ ಮಾಡಿದರು.

ಅದೇ ಜಿಲ್ಲೆ, ಅದೇ ವರ್ಷಗಳು

ಶಿವಮೊಗ್ಗದ ಈ ಕತೆಯನ್ನು ಗೆಲುವಿನ ಕತೆಯಾಗಿ ಮಾತ್ರ ಹೇಳಿದರೆ ಅರ್ಧ ಹೇಳಿದಂತೆ. ಅದೇ ಜಿಲ್ಲೆಯ ಶಿಕಾರಿಪುರ ತಾಲ್ಲೂಕಿನ ಈಸೂರು 1942ರ ಸೆಪ್ಟೆಂಬರ್‌ನಲ್ಲಿ ತನ್ನದೇ ಸರ್ಕಾರ ಸಾರಿತು, ಹುಡುಗರನ್ನೇ ಅಮಲ್ದಾರ್, ಸಬ್ ಇನ್‌ಸ್ಪೆಕ್ಟರ್ ಎಂದು ನೇಮಿಸಿತು. ಘರ್ಷಣೆಯಲ್ಲಿ ನಿಜವಾದ ಅಮಲ್ದಾರರೂ ಸಬ್ ಇನ್‌ಸ್ಪೆಕ್ಟರರೂ ಸತ್ತರು. ಪಡೆಗಳು ಊರಿಗೆ ನುಗ್ಗಿದಾಗ ಜನ ಓಡಿದ್ದು ಕಾಡಿಗೆ. 1943ರ ಮಾರ್ಚ್‌ನಲ್ಲಿ ಐವರನ್ನು ಗಲ್ಲಿಗೇರಿಸಲಾಯಿತು.

ಅಂದರೆ ಒಂದೇ ಮಲೆನಾಡಿನಲ್ಲಿ, ಹೆಚ್ಚುಕಡಿಮೆ ಒಂದೇ ಕಾಲದಲ್ಲಿ, ಸಾಮ್ರಾಜ್ಯದಿಂದ ತಪ್ಪಿಸಿಕೊಳ್ಳುವವರು ಕಾಡನ್ನು ನಂಬಿದರು, ಸಾಮ್ರಾಜ್ಯ ಉಳಿಸುವವರು ಕಾಡನ್ನು ಕಲಿತರು. ಕಲಿತವರಲ್ಲಿ ಹೆಚ್ಚಿನವರು ಭಾರತೀಯರೇ. ಯುದ್ಧದ ಕೊನೆಗೆ ಭಾರತೀಯ ಸೈನ್ಯದ ಬಲ ಸುಮಾರು 25 ಲಕ್ಷ, ಎಲ್ಲರೂ ತಾವಾಗಿ ಸೇರಿದವರು. ಯಾರಿಗಾಗಿ ಹೋರಾಡುತ್ತಿದ್ದೇವೆ ಎಂಬ ಪ್ರಶ್ನೆ ಅವರಲ್ಲೂ ಎದ್ದಿತ್ತು.

ಆ ಪ್ರಶ್ನೆಯನ್ನು ಹೊತ್ತವರಲ್ಲಿ ಒಬ್ಬರು 1906ರಲ್ಲಿ ಮಡಿಕೇರಿಯಲ್ಲಿ ಹುಟ್ಟಿದ ಕೊಡಂದೇರ ಸುಬ್ಬಯ್ಯ ತಿಮ್ಮಯ್ಯ. ಬೆಂಗಳೂರಿನಲ್ಲಿ ಕಟ್ಟಿದ 25ನೇ ಡಿವಿಜನ್ ಕಾಡಿನ ಯುದ್ಧಕ್ಕೆ ತಯಾರಾಗುತ್ತಿದ್ದಾಗ ಅದರ ಸ್ಟಾಫ್ ಅಧಿಕಾರಿ ಅವರು. ಅಂಥ ಹುದ್ದೆ ಭಾರತೀಯನಿಗೆ ಸಿಗುತ್ತಿದ್ದದ್ದೇ ಅಪರೂಪ. 1944ರಲ್ಲಿ ಡಿವಿಜನ್ ಅರಕಾನಿಗೆ ಹೋಯಿತು. 1945ರ ಜನವರಿ ಕೊನೆಯಲ್ಲಿ ಕಂಗಾವ್ ಎಂಬಲ್ಲಿ, ಕೆಸರು, ಕಾಂಡ್ಲಾ ಕಾಡು, ಗುಡ್ಡಗಳ ನಡುವೆ ನಡೆದ ಭೀಕರ ಕಾಳಗದಲ್ಲಿ 51ನೇ ಬ್ರಿಗೇಡಿನ ಮೂರು ಪಲ್ಟನ್‌ಗಳನ್ನು ನಡೆಸಿದವರು ಮೂವರು ಭಾರತೀಯರು: ತಿಮ್ಮಯ್ಯ, ಎಸ್.ಪಿ.ಪಿ. ಥೋರಟ್, ಎಲ್.ಪಿ. ಸೇನ್. ಮೂವರಿಗೂ ಡಿ.ಎಸ್.ಒ. ಪದಕ ಬಂತು. ಭಾರತೀಯರಿಗೆ ಪಲ್ಟನ್ ನಡೆಸಲು ಬಾರದು ಎಂಬ ಹಳೆಯ ಮಾತಿಗೆ ಅಲ್ಲಿಗೆ ಬೆಲೆಯಿಲ್ಲದಾಯಿತು. ಎರಡೂವರೆ ವರ್ಷದ ಬಳಿಕ ಸ್ವತಂತ್ರ ದೇಶದ ಸೈನ್ಯಕ್ಕೆ ಬೇಕಾಗಿದ್ದ ನಾಯಕರು ಸಿದ್ಧವಾಗಿದ್ದರು. ತಿಮ್ಮಯ್ಯ 1957ರಲ್ಲಿ ಭೂಸೇನೆಯ ಮುಖ್ಯಸ್ಥರಾದರು.

ಶಿಬಿರ ಹೋಯಿತು, ವಿದ್ಯೆ ಎಲ್ಲಿ ಹೋಯಿತು?

ಯುದ್ಧ ಮುಗಿದ ಮೇಲೆ ಇಂಥ ಶಿಬಿರಗಳ ಗತಿ ಬೇರೆಬೇರೆಯಾಯಿತು. ಬೆಂಗಳೂರಿನ ಜಾಲಹಳ್ಳಿಯ ಯುದ್ಧಕಾಲದ ನೆಲೆ ವಾಯುಪಡೆಯ ಪಾಲಾಯಿತು, ಅದರ ಸುತ್ತ 1950ರ ದಶಕದಲ್ಲಿ ಎಚ್‌ಎಂಟಿ, ಬಿಇಎಲ್ ಬಂದವು. ಕಾಡಿನ ಶಾಲೆಗೆ ಅಂಥ ಎರಡನೇ ಬದುಕು ಸಿಗಲಿಲ್ಲ. ಡೇರೆ, ತಡಿಕೆ, ಹಗ್ಗದ ಗೊಂಬೆಗಳ ಶಾಲೆ ಎತ್ತಂಗಡಿಯಾದರೆ ಒಂದು ಮಳೆಗಾಲ ಸಾಕು, ಗುರುತು ಅಳಿಸಲು. ಸೇನೆ ಮಾತ್ರ ಆ ವಿದ್ಯೆಯನ್ನು ಬಿಡಲಿಲ್ಲ. ಮಿಜೋರಾಮಿನ ವೈರೆಂಗ್ಟೆಯಲ್ಲಿ ಕಾಡುಕಾಳಗದ ಶಾಲೆ ಇಂದಿಗೂ ಇದೆ. ಬೆಳಗಾವಿಯಲ್ಲಿ ಕಮಾಂಡೊ ತರಬೇತಿ ನಡೆಯುತ್ತದೆ.

ಕಾಡಿನ ಜ್ಞಾನಕ್ಕೆ ಸರ್ಕಾರ ಬೆಲೆ ಕಟ್ಟುವುದು ಹೆಚ್ಚಾಗಿ ಬಂದೂಕು ಹಿಡಿದಾಗಲೇ ಎಂಬುದಕ್ಕೆ ನಮ್ಮ ಘಟ್ಟದ ಬುಡವೇ ಸಾಕ್ಷಿ. ನಕ್ಸಲ್ ಚಟುವಟಿಕೆಯ ಕಾಲದಲ್ಲಿ ಕಾರ್ಕಳವನ್ನು ಕೇಂದ್ರ ಮಾಡಿಕೊಂಡ ನಕ್ಸಲ್ ನಿಗ್ರಹ ಪಡೆ, ಕುತ್ಲೂರು, ನಾರಾವಿ ಕಡೆಯ ಕಾಡಿನಲ್ಲಿ ಕೂಂಬಿಂಗ್ ನಡೆಸುತ್ತ ಮತ್ತೆ ಅದೇ ಪಾಠ ಕಲಿಯಬೇಕಾಯಿತು: ಸದ್ದು, ಜಾಡು, ಮಳೆ, ಉಂಬಳ. ಆ ಕಾಡಿನ ಇಂಚಿಂಚನ್ನೂ ತಲೆತಲಾಂತರದಿಂದ ಬಲ್ಲವರು ಬೆಳ್ತಂಗಡಿ ತಾಲ್ಲೂಕಿನ ಮಲೆಕುಡಿಯರು. 1987ರಲ್ಲಿ ಕುದುರೆಮುಖ ರಾಷ್ಟ್ರೀಯ ಉದ್ಯಾನವಾದ ಮೇಲೆ ಅದರೊಳಗೆ ಸಿಕ್ಕ ಅವರ ಮನೆಗಳಿಗೆ ರಸ್ತೆ, ಕರೆಂಟು ದುರ್ಲಭವಾದವು. ಪರಿಹಾರ ತೆಗೆದುಕೊಂಡು ಹೊರಗೆ ಹೋಗಿ ಎಂಬ ಮಾತು ಬಂತು. ಕಾಡಿಗೆ ಪೊಲೀಸರು ಬಂದಾಗ ಅನುಮಾನದ ಕಣ್ಣು ಮೊದಲು ಬಿದ್ದದ್ದೂ ಅವರ ಮೇಲೆಯೇ.

ಶಿವಮೊಗ್ಗದಲ್ಲಿ ಅಧಿಕಾರಿಗಳಿಗೆ ಹೇಳಿಕೊಟ್ಟದ್ದರ ಸಾರ ಇಷ್ಟೇ: ಕಾಡು ಯಾರ ಪರವೂ ಅಲ್ಲ, ಅರಿತವನಿಗೆ ಆಸರೆ, ಅರಿಯದವನಿಗೆ ಭಯ. ಇದನ್ನು ಒಪ್ಪಲು ದೊಡ್ಡ ಸಾಮ್ರಾಜ್ಯವೊಂದು ಎರಡು ಸೋಲು ತಿನ್ನಬೇಕಾಯಿತು. ಒಪ್ಪಿದ ಮೇಲೆ ಅದು ಅಧಿಕಾರಿಗಳ ದರ್ಜೆ ನೋಡದೆ ಎಲ್ಲರನ್ನೂ ಕಾಡಿನ ಮುಂದೆ ವಿದ್ಯಾರ್ಥಿಗಳಾಗಿ ಕೂರಿಸಿತು. ನಮ್ಮ ಅರಣ್ಯ ಇಲಾಖೆ, ಕಂದಾಯ ಇಲಾಖೆ, ಪೊಲೀಸ್ ಇಲಾಖೆಗಳು ಘಟ್ಟದ ಬಗ್ಗೆ ತೀರ್ಮಾನ ತೆಗೆದುಕೊಳ್ಳುವಾಗ ಅಷ್ಟು ವಿನಯ ತೋರಿದರೂ ಸಾಕು. ಕಲಿಸುವವರು ಈಗಲೂ ಅಲ್ಲೇ ಇದ್ದಾರೆ, ಅವರನ್ನು ಕೇಳಲು ಯುದ್ಧ ಬರುವವರೆಗೆ ಕಾಯಬೇಕಿಲ್ಲ.